ಎಣ್ಣೆಗೆಂಪಿನ ಹುಡುಗಿ

ವಸ್ತಾರೆಯ ರುಕ್ಮಿಣಮ್ಮನಿಗೆ ಒಂದು ಮಾತು ಕೇಳಿದರೆ ಸಾಕು, ಮೈ ಉರಿಯುತ್ತಿತ್ತು: ಎಣ್ಣೆಗೆಂಪು. ಮಗಳು ಮೂಕಾಂಬಿಕಾ ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿದವರೆಲ್ಲ ಅದನ್ನೇ ಅಂದಿದ್ದರು. ಬೆಳ್ಳಗಿದ್ದರೆ ಬೆಳ್ಳಗಿದೆ ಅಂತಾರೆ, ಕಪ್ಪಗಿದ್ದರೆ ಲಕ್ಷಣವಾಗಿದೆ ಅಂತಾರೆ. ಎರಡೂ ಬಾಯಿಗೆ ಬರದಿದ್ದಾಗ ಎಣ್ಣೆಗೆಂಪು. ಇಷ್ಟೂ ಗೊತ್ತಾಗದ ದಡ್ಡಿಯೇ ರುಕ್ಮಿಣಮ್ಮ?

ಎಪ್ಪತ್ತೊಂಬತ್ತರ ಕಾಫಿ ಕೊಯ್ಲಿನಲ್ಲಿ ಕಳಸದ ಕಡೆಯಿಂದ ಸಂಬಂಧ ಕೇಳಿಕೊಂಡು ಬಂತು. ಒಳ್ಳೆ ಮನೆತನ, ಹುಡುಗ ಚನ್ನಕೇಶವ ಸ್ಕೂಲ್ ಮೇಷ್ಟ್ರು. ಹಿಂದೆ ನೋಡಿಹೋದ ಎರಡು ಕಡೆಯವರು ಉತ್ತರವನ್ನೇ ಹೇಳಿರಲಿಲ್ಲ. ಇದೊಂದು ಕೈತಪ್ಪಬಾರದು! ಶಿವರಾತ್ರಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ಕಣದಲ್ಲಿ ಬರಿಗಾಲಲ್ಲಿ ನಿಂತು ಕಾಫಿ ಹಣ್ಣು ಕೆದಕುತ್ತಿದ್ದ ಮಗಳನ್ನು ರಟ್ಟೆ ಹಿಡಿದು ಒಳಗೆಳೆದು ತಂದಳು.

"ಇನ್ನು ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ."

ಕಡಲೆಹಿಟ್ಟು, ಹಾಲಿನ ಕೆನೆ ಬಳಿದದ್ದೇ ಬಳಿದದ್ದು. ತಿಂಗಳಿಡೀ ಹುಡುಗಿ ಕಿಟಕಿಯಿಂದ ಕಣ ನೋಡುತ್ತ ಕೂತಳು. ಊಟವೂ ಸೇರದಾಯಿತು.

"ಬೆಳ್ಳಗಾದ್ಲು ನೋಡೇ ನನ್ನ ಚಿನ್ನ!" ಎಂದು ರುಕ್ಮಿಣಮ್ಮ ಪಕ್ಕದ ಮನೆಯ ನಜ್ಮುನ್ನೀಸಾಗೆ ತೋರಿಸಿದಳು.

"ಬೆಳ್ಳಗಾಗಿದ್ದಲ್ಲ ರುಕ್ಮಿಣಕ್ಕ, ಬಿಳಿಚಿಕೊಂಡಿದ್ದು. ಜ್ವರ ಬಿಟ್ಟೆದ್ದವರ ಹಾಗಿದ್ದಾಳೆ. ಸ್ವಲ್ಪ ಬಿಸಿಲಿಗೆ ಬಿಡಿ."

"ದೃಷ್ಟಿ ಹಾಕ್ಬೇಡ ಮಾರಾಯ್ತಿ," ಎಂದು ರುಕ್ಮಿಣಮ್ಮ ನೆಟಿಕೆ ಮುರಿದಳು.

ಹೇಳಿದ ದಿನ ಕಳಸದವರು ಬಂದರು. ಹುಡುಗನ ತಾಯಿ ಅಂಜನಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಹುಡುಗಿಯನ್ನು ಮತ್ತೆ ಮತ್ತೆ ನೋಡಿದರು. ಅವರ ಮುಖ ಸಣ್ಣಗಾಯಿತು.

"ಇವಳಲ್ವಲ್ಲ... ಕೊಯ್ಲಿನ ಹೊತ್ತಲ್ಲಿ ಜೀಪಲ್ಲಿ ಹೋಗುವಾಗ ನಿಮ್ಮ ಕಣದಲ್ಲೊಬ್ಬಳು ಹುಡುಗೀನ ನೋಡಿದ್ದೆ. ಎಣ್ಣೆಗೆಂಪು, ಕಳೆಕಳೆಯಾಗಿದ್ಲು, ಜೋರಾಗಿ ಹಾಡ್ತಾ ಕಾಫಿ ಕೆದಕ್ತಿದ್ಲು. ಸೊಸೆ ಅಂದ್ರೆ ಇಂಥವಳು ಬೇಕು ಅಂತ ನಾನೇ ಹೇಳಿ ಕಳಿಸಿದ್ದು. ಇವಳು ತಂಗಿಯಾ? ಪಾಪ, ಹುಷಾರಿಲ್ವಾ?"

ರುಕ್ಮಿಣಮ್ಮ ಮಗಳ ಮುಖ ನೋಡಿದಳು. ಇರುವುದು ಒಬ್ಬಳೇ ಮಗಳು, ಏನಂತ ಹೇಳುವುದು?

ತಲೆ ತಗ್ಗಿಸಿ ಕೂತಿದ್ದ ಮೂಕಾಂಬಿಕಾ ಕತ್ತೆತ್ತಿದಳು. "ಅದು ನಾನೇ ಅಮ್ಮ. ಹದಿನೈದು ದಿನ ಬಿಟ್ಟು ಬನ್ನಿ, ಮೊದಲಿನ ಬಣ್ಣ ಬಂದಿರುತ್ತೆ."

ಅಯ್ಯೋ ಶಿವನೇ, ಕೆಟ್ಟಿತು ಕೆಲಸ ಎಂದು ರುಕ್ಮಿಣಮ್ಮ ಕಣ್ಣು ಮುಚ್ಚಿಕೊಂಡಳು. ಅಂಜನಮ್ಮನಿಗೋ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ತಟ್ಟೆಯೇ ಕುಣಿಯಿತು. ಚನ್ನಕೇಶವನೂ ಬಾಯಿಗೆ ಕರವಸ್ತ್ರ ಹಿಡಿದ.

"ಹದಿನೈದು ದಿನ ಯಾರು ಕಾಯ್ತಾರೆ? ಬಾರೇ ಆಚೆ," ಎಂದು ಅಂಜನಮ್ಮ ಹುಡುಗಿಯ ಕೈ ಹಿಡಿದು ಕಣಕ್ಕೆ ಕರೆದೊಯ್ದರು. ರುಕ್ಮಿಣಮ್ಮ ಬಾಗಿಲಲ್ಲೇ ನಿಂತಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮಗಳು ನಕ್ಕಳು. ಇಷ್ಟು ಚಂದದ ಕೂಸನ್ನು ಹೆತ್ತವಳೇ ಬಚ್ಚಿಟ್ಟೆನಲ್ಲ ಎಂದು ರುಕ್ಮಿಣಮ್ಮನಿಗೆ ಅಳು ಉಕ್ಕಿ ಬಂತು.