ಮೊಸರಾಗದ ಹಾಲು

ಕುಪ್ಪಗಡ್ಡೆಯ ಶೇಷಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ನಿಜ. ಆದರೆ ಅವಳ ಮನೆಯ ಮೊಸರಿಗೆ ಹೆಸರಿಡುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೈಗೆ ಕೊಟ್ಟ ಹೆಪ್ಪು ಅದು. ಇವತ್ತಿನ ಮೊಸರಿನಲ್ಲಿ ಒಂದು ಚಮಚ ನಾಳೆಗೆ, ನಾಳೆಯದರಲ್ಲಿ ನಾಡಿದ್ದಿಗೆ, ಹೀಗೆ ಒಂದು ದಿನವೂ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಹೆರಿಗೆಗೆಂದು ತವರಿಗೆ ಹೋದಾಗಲೂ ನೋಡಲು ಬಂದ ಗಂಡನನ್ನು ಮೊದಲು ಕೇಳಿದ್ದು ಹೆಪ್ಪಿನ ಯೋಗಕ್ಷೇಮವನ್ನೇ.

ಅಂಥ ಮನೆಯಲ್ಲಿ ಹಾಲು ಮೊಸರಾಗುವುದನ್ನು ನಿಲ್ಲಿಸಿತು. ಬೆಳಿಗ್ಗೆ ಮುಚ್ಚಳ ತೆಗೆದರೆ ಪಾತ್ರೆಯಲ್ಲಿ ನೀರುನೀರಾದ ಹಾಲು, ಜೊತೆಗೆ ಒಂದು ಥರದ ವಾಸನೆ. ಶೇಷಮ್ಮನಿಗೆ ಕಾರಣ ಹುಡುಕಲು ಕಷ್ಟವಾಗಲಿಲ್ಲ. ಹಿಂದಿನ ದಿನ ಸೊಸೆ ವಾಣಿಶ್ರೀ, ದೀಪ ಹಚ್ಚುವ ಹೊತ್ತಿನಲ್ಲಿ ಪಕ್ಕದ ಮನೆಯ ಜ್ಯೋತಿಲಕ್ಷ್ಮಿಗೆ ಹೆಪ್ಪು ಕೊಟ್ಟಿದ್ದಳು. ಮುಸ್ಸಂಜೆಯಲ್ಲಿ ಹೆಪ್ಪು ಹೊಸ್ತಿಲು ದಾಟಬಾರದೆಂದು ಮಕ್ಕಳಿಗೂ ಗೊತ್ತು.

"ಮನೆ ಲಕ್ಷ್ಮೀನ ಬಟ್ಟಲಲ್ಲಿ ಹಾಕಿ ಕಳಿಸಿದ್ಯಲ್ಲೇ ಮಾರಾಯ್ತಿ!"

"ಅವ್ರ ಮನೆಗೆ ನೆಂಟರು ಬಂದಿದ್ರು ಅತ್ತೆ. ಪಾಪ, ಬಾಯಿ ಬಿಟ್ಟು ಕೇಳಿದ್ಲು. ಇಲ್ಲ ಅನ್ನೋದು ಹ್ಯಾಂಗೆ?"

ಉಳಿದಿದ್ದ ಹಳೆಯ ಮೊಸರನ್ನೇ ಹೆಪ್ಪು ಹಾಕಿದರೂ ಮಾರನೆಯ ದಿನವೂ ಅದೇ ಕಥೆ, ಅದರ ಮಾರನೆಯ ದಿನವೂ ಅದೇ. ಪ್ರತಿದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ಸೊಸೆಗೆ ಹೊಸದಾಗಿ ಮಂಗಳಾರತಿ. ಹೆಪ್ಪಿನ ಮಾತು ಸೊಸೆಯ ತವರಿನ ತನಕ ಹೋಯಿತು. "ಶಿಕಾರಿಪುರದ ಪೇಟೆಯೋರಿಗೆ ಹಾಲು ಹೈನದ ಬಾಳ್ವೆ ಏನು ಗೊತ್ತು" ಎಂದುಬಿಟ್ಟಳು ಶೇಷಮ್ಮ. ವಾಣಿಶ್ರೀ ಒಳಗೆ ಹೋಗಿ ಬ್ಯಾಗಿಗೆ ಸೀರೆ ತುಂಬತೊಡಗಿದಳು. ಹೋದರೆ ಕರೆಯದೆ ಬರುವ ಹೆಣ್ಣಲ್ಲ ಅವಳು. ಕರೆಯುವ ಹೆಂಗಸಲ್ಲ ಶೇಷಮ್ಮ. ತೀರ್ಥೇಶ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಕೊನೆಗೆ ಹಸುವಿನ ಮುಖ ನೋಡಲು ಕೊಟ್ಟಿಗೆಗೆ ಹೋದ.

ಹಸುವಿನದೂ ಒಂದು ಗೋಳು ನಡೆದಿತ್ತು. ಕೆಚ್ಚಲು ಬಾತಿತ್ತು. ಹೋದ ಸಲ ಹೀಗೇ ಆದಾಗ ಡಾಕ್ಟರು ಕೊಟ್ಟ ಟ್ಯೂಬುಗಳಲ್ಲಿ ಕೆಲವು ಉಳಿದಿದ್ದವು. ಬಾವು ಇಳಿದ ಕೂಡಲೇ ತೀರ್ಥೇಶ ಔಷಧಿ ನಿಲ್ಲಿಸಿದ್ದ. ಈಗ ಅವನ್ನೇ ಹುಡುಕಿ ತೆಗೆದು ಮೊಲೆಗೆ ಏರಿಸುತ್ತಿದ್ದ. ಏರಿಸಿದ ಮೊದಲ ದಿನವೇ ತಾಯಿಗೆ ಹೇಳಿದ್ದ.

"ಈ ಹಾಲು ಡೈರಿಗೆ ಹಾಕ್ಬೇಡ ಅಮ್ಮ. ಟೆಸ್ಟಲ್ಲಿ ಔಷಧಿ ಸಿಕ್ಕಿದ್ರೆ ಮರ್ಯಾದೆ ಹೋಗ್ತದೆ."

"ಹಂಗಂತ ಹಾಲು ಚೆಲ್ಲಕ್ಕಾಗ್ತದಾ? ಪಾಪ ಸುತ್ಕೊಳ್ತದೆ. ಮನೆ ಖರ್ಚಿಗೆ ಆಯ್ತು ಬಿಡು."

ಡೈರಿಗೆ ಬೇಡವಾದ ಹಾಲು ಮನೆಗೆ ಹೇಗೆ ಆದೀತು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾಫಿಗೂ ಅದೇ, ಹೆಪ್ಪಿಗೂ ಅದೇ.

ಬಾವು ಮಾತ್ರ ಇಳಿಯಲಿಲ್ಲ. ಕೊನೆಗೆ ತೀರ್ಥೇಶ ಪಶು ಆಸ್ಪತ್ರೆಯ ಡಾಕ್ಟರ್ ಕರುಣಾಗೆ ಫೋನು ಮಾಡಿದ. ಅವರು ಬಂದ ಹೊತ್ತಿಗೆ ವಾಣಿಶ್ರೀ ಬ್ಯಾಗು ಹಿಡಿದು ಬಸ್ಸಿಗೆಂದು ಹೊರಟಾಗಿತ್ತು. ಶೇಷಮ್ಮ ಜಗುಲಿಯ ಕಂಬ ಹಿಡಿದು ನಿಂತಿದ್ದಳೇ ಹೊರತು ನಿಲ್ಲು ಎನ್ನಲಿಲ್ಲ.

ಡಾಕ್ಟರು ಕೆಚ್ಚಲು ಮುಟ್ಟಿ ನೋಡಿದರು, ಖಾಲಿ ಟ್ಯೂಬು ನೋಡಿದರು. "ಹೋದ ಸಲ ಅರ್ಧಕ್ಕೆ ಬಿಟ್ರಿ ಅಲ್ವಾ? ರೋಗಾಣು ಈ ಔಷಧಿಗೆ ಪಳಗಿಬಿಟ್ಟಿರಬೇಕು. ಹಾಲು ಪರೀಕ್ಷೆ ಮಾಡಿಸಿ ಬೇರೆ ಕೊಡ್ಬೇಕು. ಕರೆದ ಹಾಲು ಏನು ಮಾಡ್ತಿದೀರಿ?"

"ಡೈರಿಗೆ ಹಾಕಿಲ್ಲ ಮೇಡಂ" ಎಂದ ತೀರ್ಥೇಶ, ದೊಡ್ಡ ಸಾಧನೆ ಮಾಡಿದವನ ಹಾಗೆ.

"ಮತ್ತೆ?"

"ಮನೇಲೇ... ಹೆಪ್ಪು ಹಾಕ್ತೀವಿ. ಆದ್ರೆ ಮೊಸರಾಗ್ತಿಲ್ಲ."

"ಹ್ಯಾಗಾಗ್ತದ್ರೀ? ಔಷಧಿ ಅಂಶ ಹಾಲಲ್ಲಿ ಬರ್ತದೆ. ಅದು ಹೆಪ್ಪನ್ನೂ ಸಾಯಿಸ್ತದೆ. ನೀವೂ ಕುಡೀಬೇಡಿ. ನಾನು ಹೇಳೋ ತನಕ ಚೆಲ್ಲಿಬಿಡಿ."

ಜಗುಲಿಯಿಂದಲೇ ಎಲ್ಲ ಕೇಳುತ್ತಿದ್ದ ಶೇಷಮ್ಮ ಕಂಬ ಬಿಟ್ಟು ಕೂತಳು. ಅತ್ತೆ ಕೊಟ್ಟ ಹೆಪ್ಪನ್ನು ದಿನಾ ಒಂದೊಂದು ಚಮಚದಂತೆ ಇಷ್ಟು ವರ್ಷ ಬದುಕಿಸಿ, ತನ್ನ ಕೈಯಾರೆ ತಾನೇ ಕೊಂದಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಇಷ್ಟು ದಿನ ಸೊಸೆಯನ್ನು ಹುರಿದು ಮುಕ್ಕಿದ್ದಳು. ಬೆಳಗಿನ ಹಾಲಿನ ಪಾತ್ರೆ ಎತ್ತಿಕೊಂಡು ಹೋಗಿ ಗೊಬ್ಬರದ ಗುಂಡಿಯ ಪಕ್ಕದಲ್ಲಿ ಮಣ್ಣಿಗೆ ಸುರಿದಳು. ಪಾಪ ಸುತ್ತಿಕೊಂಡರೂ ಸರಿ ಎಂದು ಪೂರ್ತಿ ಸುರಿದಳು.

ಆಮೇಲೆ ಜ್ಯೋತಿಲಕ್ಷ್ಮಿಯ ಬಾಗಿಲಿಗೆ ಹೋದಳು.

"ಒಂಚೂರು ಹೆಪ್ಪು ಕೊಡೇ."

ಜ್ಯೋತಿಲಕ್ಷ್ಮಿ ಹೆದರಿದಳು. "ನಿಮ್ಮನೇದೇ ದೊಡ್ಡಮ್ಮ ಇದು. ಅವತ್ತು ಒಯ್ದಿದ್ದನ್ನೇ ಇಟ್ಕೊಂಡು ಬಂದೀನಿ. ನಮ್ಮ ಎಮ್ಮೆ ಹಾಲಿಗೆ ಗಟ್ಟಿ ಬರ್ತದೆ."

ಶೇಷಮ್ಮ ಹೆಪ್ಪಿನ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಟ್ಟಲಿಗೆ ಬಾಳೆಲೆಯ ತುಂಡು ಮುಚ್ಚಿಕೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು, ಬಸ್ ಸ್ಟ್ಯಾಂಡಿಗೆ ನಡೆದಳು. ಶಿಕಾರಿಪುರಕ್ಕೆ ಹೋಗುವವರು ಮೊದಲು ಹಿಡಿಯುವ ಸೊರಬದ ಬಸ್ಸು ಬಂದು ನಿಂತಿತ್ತು. ವಾಣಿಶ್ರೀಯ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ತಪ್ಪು ನಂದು ಕಣೇ. ಔಷಧಿ ಹಾಲು ಅದು. ಹೆಪ್ಪು ಸಾಯಿಸಿದ್ದು ನಾನು. ನೀ ಕೊಟ್ಟಿದ್ದೊಂದೇ ಬದುಕಿರೋದು."

ಬಸ್ಸಿನಲ್ಲಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. ನೋಡಲಿ ಎಂದುಕೊಂಡಳು ಶೇಷಮ್ಮ. "ಹತ್ತೋದಾದ್ರೆ ಹತ್ತಮ್ಮ" ಎಂದು ಕಂಡಕ್ಟರು ಸೀಟಿ ಬಾಯಿಗಿಟ್ಟ.

ವಾಣಿಶ್ರೀ ಅತ್ತೆಯ ಬರಿಗಾಲು ನೋಡಿದಳು. ಕಾಲು ಕೆಳಗಿಟ್ಟು ಬಟ್ಟಲಿಗೆ ಕೈ ಚಾಚಿದಳು.

"ಇಲ್ಲಿ ಕೊಡಿ ಅತ್ತೆ. ಈ ಬಿಸಿಲಲ್ಲಿ ಹುಳಿ ಬಂದೋಗ್ತದೆ."