ಬಾಟಲಿ ಮೂಸುವವಳು

ಪೇಂಟರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದು ಮೊದಲು ಮೂಗು ಹೋಯಿತು, ಆಮೇಲೆ ಶ್ವಾಸಕೋಶ ಕೈಕೊಟ್ಟಿತು. ಇನ್ನು ಸ್ಪ್ರೇ ಗನ್ ಮುಟ್ಟಿದರೆ ನನ್ನ ಹತ್ತಿರ ಬರಲೇಬೇಡಿ ಎಂದಿದ್ದರು ಡಾಕ್ಟರು. ಶೆಡ್ಡಿನ ಮಾಲೀಕ ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದಿದ್ದ. ಮನೆಯಲ್ಲಿ ಬೇರೆ ಸಂಪಾದನೆ ಇರಲಿಲ್ಲ.

ಉಳಿದಿದ್ದ ಒಂದೇ ದಾರಿ ಮಂಚದ ಪಕ್ಕದ ಗಾಜಿನ ತೊಟ್ಟಿ. ಅದರ ಉಪ್ಪುನೀರಿನಲ್ಲಿ ಕ್ಲೌನ್ ಮೀನಿನ ಜೋಡಿಯೊಂದು ಹೂಕುಂಡದ ಚೂರಿನ ಮೇಲೆ ಮೊಟ್ಟೆ ಇಡುತ್ತಿತ್ತು. ಬಿಳಿ ಪಟ್ಟೆ ಮೂಡುವವರೆಗೆ ಮರಿಗಳನ್ನು ಬದುಕಿಸಿ ತೋರಿಸು, ತಿಂಗಳು ತಿಂಗಳೂ ನಾನೇ ಕೊಳ್ಳುತ್ತೇನೆ ಎಂದು ಅಕ್ವೇರಿಯಂ ಅಂಗಡಿಯವನು ಮಾತು ಕೊಟ್ಟಿದ್ದ. ಎರಡು ಸಲದ ಮರಿಗಳು ಸತ್ತಿದ್ದವು. ಮೂರನೇ ಸಲದವನ್ನು ಬೇರೆ ಬಕೆಟ್ಟಿನಲ್ಲಿ ಇಟ್ಟಿದ್ದ, ಬುಧವಾರಕ್ಕೆ ಅವಕ್ಕೆ ಆರನೇ ದಿನ.

ಇವಕ್ಕೆ ಪುಡಿ ತಿಂಡಿ ಆಗದು, ಬಾಯಿ ಸೂಜಿಮೊನೆಯಷ್ಟು. ರಾಟಿಫರ್ ಎಂಬ, ಬರಿಗಣ್ಣಿಗೆ ಧೂಳಿನಂತೆ ಕಾಣುವ ಜೀವಿಗಳನ್ನು ಹಸಿರು ನೀರಿನ ಬಾಟಲಿಗಳಲ್ಲಿ ಸಾಕಿ, ಆ ನೀರನ್ನೇ ಪೇಂಟರ್ ಬಕೆಟ್ಟಿಗೆ ಸುರಿಯುತ್ತಿದ್ದ. ಬಾಟಲಿ ಕೆಟ್ಟರೂ ಬಣ್ಣ ಒಂದೆರಡು ದಿನ ಹಾಗೇ ಇರುತ್ತದೆ, ಮೊದಲು ಗೊತ್ತಾಗುವುದು ವಾಸನೆಯಿಂದ. ಹಾಗಾಗಿ ಪ್ರತಿ ಬೆಳಿಗ್ಗೆ ಹೆಂಡತಿ ಒಂದೊಂದೇ ಬಾಟಲಿ ಮೂಸುತ್ತಿದ್ದಳು. ಚೆನ್ನಾಗಿದ್ದರೆ ತಲೆಯಾಡಿಸುವಳು. ಕೆಟ್ಟಿದ್ದರೆ ಬಚ್ಚಲಿಗೆ ಚೆಲ್ಲುವಳು.

ಬುಧವಾರ ಅಂಗಡಿಯವನು ಮರಿ ನೋಡಲು ಬಂದ. ಮೂಗಿಲ್ಲದೆ ಹೇಗಪ್ಪಾ ಸಂಭಾಳಿಸುತ್ತೀಯ ಎಂದು ಕೇಳಿದ. ಮರಿಗಳು ಚುರುಕಾಗಿದ್ದವು, ಪೇಂಟರ್ ಹಿಗ್ಗಿದ್ದ, ನಾಲಿಗೆ ಜಾರಿತು.

"ಮನೇಲಿ ನಾಯಿ ಸಾಕಿದೀನಲ್ಲ, ಮೂಸಿ ಹೇಳತ್ತೆ."

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಟೀ ತಂದು ಬಾಗಿಲಲ್ಲಿ ನಿಂತಿದ್ದವಳು ಲೋಟಗಳನ್ನು ನೆಲದ ಮೇಲಿಟ್ಟು ಒಳಗೆ ಹೋದಳು.

ಗುರುವಾರ ಅವಳು ಬಾಟಲಿಗಳ ಹತ್ತಿರ ಸುಳಿಯಲಿಲ್ಲ. ಅವನೂ ಕರೆಯಲಿಲ್ಲ. ಭೂತಗನ್ನಡಿ ಹಿಡಿದು ನೋಡಿದ, ಧೂಳು ಓಡಾಡುತ್ತಿತ್ತು, ಸುರಿದ. ಶುಕ್ರವಾರ ಕರೆಯಲೆಂದೇ ಅಡುಗೆಮನೆವರೆಗೆ ಹೋದ. ಅವಳು ಬೆನ್ನು ಹಾಕಿ ಪಾತ್ರೆ ಉಜ್ಜುತ್ತಿದ್ದಳು. ತಪ್ಪಾಯಿತು ಅನ್ನಲು ಬಾಯಿ ತೆರೆದ. ಕುಡಿಯಲು ನೀರು ಕೇಳಿ ವಾಪಸು ಬಂದ. ಧೂಳು ಯಾಕೋ ನಿಧಾನವಾದಂತೆ ಕಂಡಿತು. ಮರಿಗಳು ಹಸಿದಿದ್ದವು. ಸುರಿದ.

ಹನ್ನೊಂದಕ್ಕೆ ಮರಿಗಳು ಮೇಲೆ ಬಂದು ಗಿರಗಿರ ಸುತ್ತತೊಡಗಿದವು. ಗಾಳಿಯ ಕೊಳವೆ ಜೋರು ಮಾಡಿದ, ಮಗ್ಗಿನಿಂದ ನೀರು ತೋಡಿ ಹೊಸದು ಹಾಕಿದ, ಮತ್ತೆ ತೋಡಿದ. ಬಗ್ಗಿ ಎದ್ದು ಏದುಸಿರು ಹತ್ತಿ ನೆಲದ ಮೇಲೆ ಕುಸಿದ. ಆ ಸದ್ದಿಗೆ ಅವಳು ಬಂದಳು, ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ನಿನ್ನೇನೇ ಅಡುಗೆಮನೆವರೆಗೂ ನಾರ್ತಿತ್ತು," ಅಂದಳು.

"ಹೇಳಬಾರದಿತ್ತೇನೇ?"

"ಕರೀತೀರಿ ಅಂತ ಕಾದೆ."

ಅವಳೂ ಒಂದು ಮಗ್ಗು ತಂದು ಬಕೆಟ್ಟಿನ ಆಚೆ ಕೂತಳು. ಸಂಜೆಯವರೆಗೆ ಇಬ್ಬರೂ ನೀರು ಬದಲಿಸಿದರು. ಐದಕ್ಕೆ ಕೊನೆಯ ಮರಿಯೂ ಸತ್ತು ತಳ ಸೇರಿತು.

"ಸೋಮವಾರ ಶೆಡ್ಡಿಗೆ ಎಷ್ಟೊತ್ತಿಗೆ ಹೋಗ್ಬೇಕು?" ಕೇಳಿದಳು.

"ಎಂಟಕ್ಕೆ."

ಅವನು ಡ್ರಾಪರಿನಿಂದ ಒಂದೊಂದನ್ನೇ ಎತ್ತಿ ತಟ್ಟೆಗೆ ಹಾಕುತ್ತ ಎಣಿಸಿದ. ಇನ್ನೂರ ಹದಿನೇಳು. ಅವುಗಳಲ್ಲಿ ನಾಲ್ಕು ಮರಿಗಳಿಗೆ ಬಿಳಿ ಪಟ್ಟೆ ಮೂಡಿತ್ತು.