ಅಪ್ಪ ಹಾಕಿದ ಚಿಲಕ

ವಿಚಾರಣೆಯ ಕೋಣೆಯಲ್ಲಿ ಅಪ್ಪನ ದನಿ ಕೇಳಿದಾಗ ಊರವರು ಮುಲಾಮಿನಕ್ಕ ಎಂದೇ ಕರೆಯುವ ಅವಳಿಗೆ ಮೊದಲು ಆಗಿದ್ದು ಹೆಮ್ಮೆ. ಇಪ್ಪತ್ತಾರು ವರ್ಷ ಹಳೆಯ ಟೇಪು. ನಡುನಡುವೆ ಗರಗರ ಎನ್ನುತ್ತಿದ್ದರೂ ದನಿ ಮಾತ್ರ ಖಣಖಣ. ಮೇಣ ಇಷ್ಟು, ಎಣ್ಣೆ ಇಷ್ಟು, ಸೊಪ್ಪಿನ ರಸ ಇಷ್ಟು ಎಂದು ಅಪ್ಪ ಹೇಳುತ್ತಾ ಹೋದಂತೆ ಅವಳ ಬೆರಳುಗಳು ಮಡಿಲಲ್ಲೇ ಅಳತೆ ಹಾಕುತ್ತಿದ್ದವು. ಆ ದನಿಯ ಒಡೆಯ ಈಗ ಅರ್ಧ ಮೈ ಸ್ವಾಧೀನವಿಲ್ಲದೆ ಮನೆಯ ಮಂಚ ಹಿಡಿದಿದ್ದ.

ಅಷ್ಟರಲ್ಲಿ ಟೇಪಿನ ಅಪ್ಪ, "ಆಮೇಲೆ ತೊಗಟೆ. ಮರದಿಂದ ಕೆತ್ತಿದ ತಕ್ಷಣ ಹಸಿದೇ ಜಜ್ಜಿ ಹಾಕ್ಬೇಕು," ಎಂದ. ಅವಳ ಬೆರಳುಗಳು ಅಲ್ಲೇ ನಿಂತವು.

ಸುಟ್ಟ ಗಾಯಕ್ಕೆ ಮುಲಾಮು ಮಾಡುವುದು ಆ ಮನೆಯವರಿಗೆ ತಲೆತಲಾಂತರದಿಂದ ಬಂದ ಕೆಲಸ. ಬೇಕರಿಯವರು, ಬೆಸುಗೆ ಹಾಕುವವರು, ಮೈಮೇಲೆ ಕುದಿನೀರು ಚೆಲ್ಲಿಕೊಂಡ ಕೂಸಿನ ತಾಯಂದಿರು ಎಲ್ಲರೂ ಹುಡುಕಿಕೊಂಡು ಬರುತ್ತಿದ್ದುದು ಆ ಬಾಗಿಲಿಗೇ. ಮುಲಾಮಿನ ಗುಟ್ಟೆಲ್ಲ ತೊಗಟೆಯಲ್ಲಿತ್ತು. ಅದನ್ನು ಏಳು ದಿನ ಜಾಡಿಯ ನೀರಿನಲ್ಲಿ ನೆನೆಸಿ, ಹುಳಿ ಬರಿಸಿ, ದಿನಕ್ಕೊಮ್ಮೆ ತಿರುವಬೇಕು. ಹಸಿ ತೊಗಟೆ ಹಾಕಿದರೆ ಕೇಡೇನೂ ಇಲ್ಲ, ಗುಣವೂ ಇಲ್ಲ. ಗೋಡೆಗೆ ಬಳಿದರೂ ಒಂದೇ, ಗಾಯಕ್ಕೆ ಬಳಿದರೂ ಒಂದೇ.

ಹಾಗಿದ್ದರೆ ಅಪ್ಪ ಹಸಿ ತೊಗಟೆ ಎಂದದ್ದೇಕೆ? ಅದು ಮನೆಯ ಹಿರಿಯರು ಮಾಡಿದ ಕಟ್ಟಳೆ. ಹೊರಗಿನವರು ಕೇಳಿದರೆ ಇಲ್ಲ ಎನ್ನಬಾರದು, ಪೂರ್ತಿ ಹೇಳಲೂಬಾರದು. ಎಲ್ಲವನ್ನೂ ಸರಿಯಾಗಿ ಹೇಳಿ ಒಂದನ್ನು ಮಾತ್ರ ತಪ್ಪಾಗಿ ಹೇಳಬೇಕು. ಅದಕ್ಕೆ ಮನೆಯಲ್ಲಿ 'ಚಿಲಕ ಹಾಕಿ ಹೇಳುವುದು' ಎನ್ನುತ್ತಿದ್ದರು. ಅಳಿದುಹೋಗುವ ವಿದ್ಯೆಗಳನ್ನು ಉಳಿಸುತ್ತೇನೆಂದು ಟೇಪು ಹೊತ್ತುಕೊಂಡು ಸಂಶೋಧಕಿಯೊಬ್ಬರು ಬಂದಾಗ ಅಪ್ಪ ನಗುನಗುತ್ತಲೇ ಚಿಲಕ ಹಾಕಿದ್ದ.

ಚಿಲಕ ತೆಗೆದವಳು ಮಗಳು. ಆಗ ಅವಳಿಗೆ ಇಪ್ಪತ್ತು. ಸಂಶೋಧಕಿಯನ್ನು ಬಸ್ಸಿಗೆ ಬಿಡಲು ಹೋಗಿದ್ದಳು. ಅವರ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಹಸಿ ಗಾಯವಿತ್ತು. ಊರಿಗೆ ಹೋಗಿ ಮೊದಲು ನಾನೇ ಹಚ್ಚಿಕೊಂಡು ನೋಡುತ್ತೇನೆ ಎಂದರು. ಪಾಪ ಎನಿಸಿತು ಹುಡುಗಿಗೆ. ಪಾಪವೊಂದೇ ಏಕೆ, ನನಗೂ ಗೊತ್ತು ಎಂದು ತೋರಿಸಿಕೊಳ್ಳುವ ಜಂಬವೂ ಇತ್ತು. ತೊಗಟೆ ಏಳು ದಿನ ಹುಳಿಯಬೇಕು ಎಂದುಬಿಟ್ಟಳು. ಟೇಪು ಆಗಲೇ ಚೀಲ ಸೇರಿತ್ತು. ಅವರು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅವಳ ಕೆನ್ನೆ ತಟ್ಟಿ ಬಸ್ಸು ಹತ್ತಿದರು. ಮನೆಗೆ ಬಂದ ಮೇಲೆ ಅವಳು ಅಪ್ಪನಿಗೆ ಆ ವಿಷಯ ಎತ್ತಲಿಲ್ಲ. ಅವತ್ತು ಕಚ್ಚಿಕೊಂಡ ನಾಲಿಗೆಯನ್ನು ಇವತ್ತಿಗೂ ಬಿಟ್ಟಿರಲಿಲ್ಲ.

ಈಗ ಕಂಪನಿಯೊಂದು ಅದೇ ಮುಲಾಮನ್ನು ಟ್ಯೂಬಿಗೆ ತುಂಬಿ, ಏಳು ದಿನದ ಹುಳಿ ತೊಗಟೆ ತನ್ನದೇ ಶೋಧ ಎಂದು ಪೇಟೆಂಟ್ ಹಕ್ಕು ಪಡೆದಿತ್ತು. ಸಾಲದ್ದಕ್ಕೆ, ನೀವು ಮಾಡುವುದನ್ನು ನಿಲ್ಲಿಸಿ ಎಂದು ಇವಳಿಗೇ ನೋಟಿಸು. ಅಜ್ಜಿಯ ಅಜ್ಜಿ ಮಾಡುತ್ತಿದ್ದುದನ್ನು ಇವಳು ಕದ್ದಳಂತೆ. ಎಂಥ ನಾಚಿಕೆಗೆಟ್ಟ ಮಾತು. ಸಂಗ್ರಹಾಲಯದಲ್ಲಿ ಟೇಪಿದೆ, ಅದರ ಜೊತೆ ನೋಟ್‌ಬುಕ್ಕೂ ಇರುತ್ತದೆ ಎಂಬ ಧೈರ್ಯದಿಂದ ಅವಳು ತಕರಾರು ಹಾಕಿದ್ದಳು. ಬಂದದ್ದು ಟೇಪು ಮಾತ್ರ. ಸಂಶೋಧಕಿ ತೀರಿಕೊಂಡು ಮೂರು ವರ್ಷವಾಗಿತ್ತು. ಕಂಪನಿಯ ಕಡತದಲ್ಲಿ ಸಲಹೆಗಾರರ ಪಟ್ಟಿಯ ಮೊದಲ ಹೆಸರು ಅವರದೇ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ಟೇಪು ನಿಲ್ಲಿಸಿ, ನಿಮ್ಮ ತಂದೆ ಹೇಳಿದ್ದು ಹಸಿ ತೊಗಟೆ, ಕಂಪನಿಯವರದು ಹುಳಿ ತೊಗಟೆ, ಎರಡೂ ಬೇರೆಯಲ್ಲವೇ ಎಂದು ಮೆತ್ತಗೆ ಕೇಳಿದರು.

"ನಮ್ಮಪ್ಪ ಬೇಕಂತಲೇ ತಪ್ಪು ಹೇಳಿದ್ದು ಸಾರ್. ಸರಿಯಾದ್ದನ್ನ ಆ ಮೇಡಂಗೆ ನಾನೇ ಹೇಳ್ದೆ. ಬಸ್‌ಸ್ಟಾಪಲ್ಲಿ."

ಕಂಪನಿಯ ವಕೀಲರು ಅದಕ್ಕೆ ಕಾಗದ ಕೇಳಿದರು. ಬಸ್‌ಸ್ಟಾಪಿನ ಮಾತಿಗೆ ಎಲ್ಲಿಯ ಕಾಗದ? ಮುಲಾಮು ಹಚ್ಚಿಕೊಂಡು ವಾಸಿಯಾದವರಿಗೂ ಅದರೊಳಗೇನಿದೆ ಎಂದು ಗೊತ್ತಿರಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿಮ್ಮಾ, ನಿಮ್ಮ ತಂದೆ ಸುಳ್ಳು ಹೇಳಿದ್ರು ಅಂದ್ರೆ ಟೇಪನ್ನ ನಾನು ದಾಖಲೆಯಿಂದ ತೆಗೀಬೇಕಾಗುತ್ತೆ. ಆಮೇಲೆ ನಿಮ್ಮ ಕೈಲಿ ಏನೂ ಉಳಿಯಲ್ಲ. ನಿಜ ಅಂದ್ರೆ, ಟೇಪಲ್ಲಿರೋ ವಿಧಾನ ನಿಮ್ಮ ಮನೆತನದ ಹೆಸರಿಗೇ ನೋಂದಣಿ ಆಗುತ್ತೆ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

ಅವಳು ಮೇಜಿನ ಮೇಲಿದ್ದ ಟೇಪನ್ನೇ ನೋಡಿದಳು. ಸುಳ್ಳುಗಾರ ಎಂದು ಬರೆಸಿ ಅಪ್ಪನ ದನಿಯನ್ನು ಕಸಕ್ಕೆ ಹಾಕಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಟೇಪ್ ಇರ್ಲಿ ಸಾರ್," ಎಂದಳು.

ಆದೇಶ ಸಂಜೆಯೊಳಗೆ ಕೈಗೆ ಬಂತು. ದಪ್ಪ ಕಾಗದ, ಕೆಂಪು ಮೊಹರು. ಹಸಿ ತೊಗಟೆಯ ಮುಲಾಮು ಈ ಮನೆತನದ ಪಾರಂಪರಿಕ ಜ್ಞಾನ, ಸರ್ಕಾರ ಅದನ್ನು ಕಾಪಾಡುತ್ತದೆ. ಹುಳಿ ತೊಗಟೆಯದು ಕಂಪನಿಯ ಸ್ವತ್ತು, ಮನೆಯಲ್ಲಿ ಉಳಿದಿರುವುದನ್ನು ಕೂಡಲೇ ನಾಶಮಾಡತಕ್ಕದ್ದು. ಕೆಲಸಕ್ಕೆ ಬಾರದ ಮುಲಾಮಿಗೆ ಇಡೀ ಸರ್ಕಾರದ ಕಾವಲು ಬಿದ್ದಿತ್ತು.

ಮನೆಗೆ ಬಂದಾಗ ಅಪ್ಪ ಎಚ್ಚರವಾಗಿದ್ದ. ಕಂಪನಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಏನೋ ನೋಂದಣಿ ಎಂದಷ್ಟೇ ಹೇಳಿ ಹೋಗಿದ್ದಳು. ಓದು ಎಂದ. ಅವಳು ಮೊದಲರ್ಧ ಓದಿ ಕಾಗದ ಮಡಚಿದಳು. ಹಸಿ ತೊಗಟೆ ಎಂಬಲ್ಲಿ ಅಪ್ಪನ ಮುಖದ ಸರಿಯಿದ್ದ ಅರ್ಧ ಅರಳಿತು.

"ನೋಡಿದ್ಯಾ ಮಗಳೇ," ಎಂದ, ಒಂದೊಂದೇ ಮಾತು ಎಳೆಯುತ್ತಾ. "ಇಷ್ಟು ವರ್ಷ ಆದ್ರೂ ಚಿಲಕ ಯಾರ್ಗೂ ತೆಗೆಯೋಕಾಗ್ಲಿಲ್ಲ. ನಿಜವಾದ್ದು ನಮ್ಮನೇಲೇ ಉಳೀತು."

"ಹೂಂ ಅಪ್ಪ." ಅವಳು ಮಡಚಿದ ಕಾಗದವನ್ನು ಇನ್ನೊಮ್ಮೆ ಮಡಚಿದಳು. ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅವಳು ಅಡುಗೆಮನೆಗೆ ಹೋಗಿ ಮೂಲೆಯ ಜಾಡಿಯ ಬಟ್ಟೆ ಬಿಚ್ಚಿದಳು. ತೊಗಟೆ ಕಂದು ತಿರುಗಿ, ಮೇಲೆ ಸಣ್ಣ ನೊರೆ ಎದ್ದಿತ್ತು. ಬೆಳಿಗ್ಗೆ ತಾನೇ ತಿರುವಿಟ್ಟು ಹೋಗಿದ್ದಳು. ಜಾಡಿಯನ್ನು ಸೊಂಟಕ್ಕೆ ಆನಿಸಿಕೊಂಡು ಹಿತ್ತಲಿಗೆ ಒಯ್ದು ಬಚ್ಚಲ ಗುಂಡಿಗೆ ಬಗ್ಗಿಸಿದಳು. ಘಾಟು ಗಪ್ಪನೆ ಎದ್ದು ಮನೆಯ ಒಳಗೆಲ್ಲ ತುಂಬಿತು. ಕೊನೆಯ ಚೂರುಗಳು ಜಾಡಿಯ ತಳಕ್ಕೆ ಅಂಟಿಕೊಂಡಿದ್ದವು. ಅವನ್ನೂ ಕೈಹಾಕಿ ಕೆರೆದಳು.

ಒಳಗಿನಿಂದ ಅಪ್ಪ ಕೂಗಿದ. "ಚೆನ್ನಾಗಿ ಹುಳಿ ಬಂದಿದೆ ಕಣೇ. ಇವತ್ತಿಗೆ ಐದ್ನೇ ದಿನ ಅಲ್ವಾ?"

"ಹೌದಪ್ಪ," ಎಂದಳು ಅವಳು, ಖಾಲಿ ಜಾಡಿಯೊಳಗೆ ಕೈ ಇಟ್ಟುಕೊಂಡೇ. "ಇನ್ನೆರಡು ದಿನ."